ಊರ ಹೆಸರು ಹೊಡೆದ್ರ ಮಾಹಿತಿ ತರೋ ಆಪ್, ನಾವು ಮಾಡಿದ ರೀತಿ

ಕೊಪ್ಪಳದಾಗ ಡಿಗ್ರಿ ಓದೋವಾಗ ಮಿನಿ ಪ್ರಾಜೆಕ್ಟ್‌ಗಂತ ನಾವು ಒಂದು ಸಣ್ಣ ಆಪ್ ಮಾಡಿದ್ವಿ, ಊರಿಂದೋ ಗುಡಿದೋ ಹೆಸರು ಟೈಪ್ ಮಾಡಿ ಹುಡುಕು ಅಂತ ಒತ್ತಿದ್ರ ಕನ್ನಡ ವಿಕಿಪೀಡಿಯದಿಂದ ನಾಲ್ಕು ಸಾಲು ತಂದು ತೋರಿಸ್ತೈತಿ, ಅಷ್ಟೇ. ಜೂನಿಯರ್ಸ್ ಹೆಂಗ ಮಾಡಿದ್ರಿ ಅಂತ ಕೇಳ್ತಾನ ಇರ್ತಾರ, ಅದಕ್ಕ ಬರೀತಿದೀನಿ.

ಆಪ್ ಬರೆಯೋ ಜಾವಾ ಕೋಟ್ಲಿನ್ ಭಾಷೆ ಅಂತ ನಾವು ಹೋಗ್ಲಿಲ್ಲ. ನಮ್ಮ ಹತ್ರ ಇದ್ದ ಹಳೇ ಲ್ಯಾಪ್‌ಟಾಪ್‌ನಾಗ ಅವಕ್ಕ ಬೇಕಾದ ಆಂಡ್ರಾಯ್ಡ್ ಸ್ಟುಡಿಯೋ ಸಾಫ್ಟ್‌ವೇರ್ ಓಪನ್ ಆಗೂದ್ರೊಳಗ ಹೊರಗ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬರಬಹುದಿತ್ತು. ಎಂಐಟಿ ಆಪ್ ಇನ್ವೆಂಟರ್ ತಗೊಂಡ್ವಿ, 2010ರಾಗ ಗೂಗಲ್‌ನವರು ಶುರು ಮಾಡಿದ್ದು ಆಮೇಲೆ ಎಂಐಟಿಗೆ ಹೋತು, ಕೋಡ್ ಬರಿಯೂ ಬದಲು ಬ್ರೌಸರ್‌ನಾಗ ಬ್ಲಾಕ್ ಜೋಡಿಸಿದ್ರ ಸಾಕು, ಫೋನಿನಾಗ ಅವರದ ಕಂಪ್ಯಾನಿಯನ್ ಆಪ್ ಹಾಕ್ಕೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರ ಮಾಡಿದ್ದು ಮಾಡಿದಂಗ ಕಾಣ್ತೈತಿ. ಕಾಲೇಜ್ ವೈಫೈದಾಗ ಫೋನು ಲ್ಯಾಪ್‌ಟಾಪು ಕನೆಕ್ಟ್ ಆಗಲಿಲ್ಲ ಅಂದ್ರ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಅದಕ್ಕ ಲ್ಯಾಪ್‌ಟಾಪ್ ಹಚ್ಚಿಬಿಡ್ರಿ.

ಒಂದು ಟೆಕ್ಸ್ಟ್‌ಬಾಕ್ಸ್, ಒಂದು ಬಟನ್, ಒಂದು ಲೇಬಲ್, ಕಣ್ಣಿಗೆ ಕಾಣದ ಒಂದು ವೆಬ್ ಕಾಂಪೊನೆಂಟ್ (ನೆಟ್‌ನಿಂದ ಮಾಹಿತಿ ತರೋ ಭಾಗ). ವಿಕಿಪೀಡಿಯದ ಸಮ್ಮರಿ ಏಪಿಐ (ಪುಟದ ಸಾರಾಂಶ ಆಪ್‌ಗಳಿಗೆ ಕೊಡೋ ವ್ಯವಸ್ಥೆ) ವಿಳಾಸದ ಕೊನೀಗೆ ಹೆಸರು ಜೋಡಿಸಿ ಗೆಟ್ ಅಂತ ಕರಿಯೂದು. ಇಲ್ಲಿ ಬಾಳ ಮಂದಿ ಗೆಟ್ ಬ್ಲಾಕಿನ ಕೆಳಗ ಲೇಬಲ್ ಬ್ಲಾಕ್ ಹಾಕಿ ಖಾಲಿ ಬರ್ತೈತಿ ಅಂತ ಕೂಡ್ತಾರ. ಗೆಟ್ ಅನ್ನೂದು ಹೋಟೆಲ್‌ನಾಗ ಆರ್ಡರ್ ಕೊಟ್ಟಂಗ, ಕೊಟ್ಟ ಕೂಡ್ಲೇ ಪ್ಲೇಟ್ ಬರೂದಿಲ್ಲ, ಉತ್ತರ ಬಂದಾಗ ಗಾಟ್‌ಟೆಕ್ಸ್ಟ್ ಅಂತ ಬ್ಯಾರೆ ಈವೆಂಟ್ ಓಡ್ತೈತಿ, ಲೇಬಲ್ ತುಂಬೋ ಕೆಲಸ ಅದರೊಳಗ ಇರಬೇಕು. ಅದರಾಗ ರೆಸ್ಪಾನ್ಸ್ ಕೋಡ್ 200 (ಎಲ್ಲಾ ಸರಿ ಐತಿ ಅಂತ) ಇದ್ರ ಜೇಸನ್ ರೂಪದಾಗ ಬಂದ ಉತ್ತರ ಡಿಕೋಡ್ ಮಾಡಿ ಎಕ್ಸ್‌ಟ್ರಾಕ್ಟ್ ಅನ್ನೋ ಹೆಸರಿನ ಕೀ ಒಳಗಿನ ಬರಹ ತಗೊಂಡ್ರ ಮುಗೀತು. ನಮ್ಮೊಳಗ ಒಬ್ಬ ಪೂರ್ತಿ ವೆಬ್ ಪೇಜಿನ ಎಚ್‌ಟಿಎಂಎಲ್ ತಂದು ಅದರಾಗ ಕತ್ತರಿಸೋಣ ಅಂದಿದ್ದ, ಏಪಿಐ ಇರೋವಾಗ ಆ ಉಸಾಬರಿ ಯಾಕ?

ಇಷ್ಟಕ್ಕ ಒಂದು ಮಧ್ಯಾಹ್ನ ಸಾಕು. ಖರೆ ಕೆಲಸ ಇರೂದು ಹೆಸರಿನಾಗ, ಅದರಾಗ ನಮ್ಮ ಸೆಮಿಸ್ಟರಿನ ದೊಡ್ಡ ಪಾಲು ಹೋತು.

ಯುಆರ್‌ಎಲ್‌ನಾಗ ಕನ್ನಡ ಅಕ್ಷರ ಸೀದಾ ಹೋಗೂದಿಲ್ಲ, ಎನ್‌ಕೋಡ್ ಮಾಡಬೇಕು, ಅಂದ್ರ ಶೇಕಡಾ ಗುರುತಿನ ಕೋಡ್‌ಗೆ ಬದಲಿಸಬೇಕು. ರಾಯಚೂರು ಅನ್ನೋದ್ರಾಗ ಕಂಪ್ಯೂಟರ್ ಲೆಕ್ಕಕ್ಕ ಕಾಗುಣಿತ ಬಿಡಿಸಿ 7 ಚಿಹ್ನೆ, ಒಂದೊಂದಕ್ಕೂ 3 ಬೈಟ್, ಒಂದೊಂದು ಬೈಟಿಗೆ ಶೇಕಡಾ ಗುರುತು ಸೇರಿ 3 ಅಕ್ಷರ, ಹಿಂಗಾಗಿ ಅದು 63 ಅಕ್ಷರದ ಉದ್ದ ಸಾಲಾಗಿ ಹೋಗ್ತೈತಿ. ಅದನ್ನ ವೆಬ್ ಕಾಂಪೊನೆಂಟಿನ ಯುಆರ್‌ಐ ಎನ್‌ಕೋಡ್ ಬ್ಲಾಕೇ ಮಾಡ್ತೈತಿ, ಆದ್ರ ಅದಕ್ಕೊಂದು ಚಾಳಿ ಐತಿ, ಎರಡು ಪದದ ನಡುವಿನ ಸ್ಪೇಸನ್ನ ಪ್ಲಸ್ ಗುರುತು ಮಾಡಿಬಿಡ್ತೈತಿ, ವಿಕಿಪೀಡಿಯ ಆ ಪ್ಲಸ್ಸನ್ನೂ ಹೆಸರಿನ ಭಾಗ ಅಂತ ತಿಳ್ಕೊಂಡು 404 (ಪುಟ ಸಿಗಲಿಲ್ಲ ಅಂತ) ಕೊಡ್ತೈತಿ. ಒಂದೇ ಪದದ ಊರು ಎಲ್ಲಾ ಬರ್ತಾವು, ಎರಡು ಪದದ್ದು ಒಂದೂ ಬರೂದಿಲ್ಲ ಅಂದ್ರ ಕಾರಣ ಇದೇ. ಎನ್‌ಕೋಡ್ ಮಾಡೂಕಿಂತ ಮೊದಲ ಸ್ಪೇಸ್ ತೆಗೆದು ಅಂಡರ್‌ಸ್ಕೋರ್ ಹಾಕ್ರಿ. ಅದಕ್ಕೂ ಮೊದಲ ಹಿಂದ ಮುಂದಿನ ಸ್ಪೇಸ್ ತೆಗೆಯೋ ಟ್ರಿಮ್ ಬ್ಲಾಕ್, ಯಾಕಂದ್ರ ಕೀಬೋರ್ಡಿನ ಸಜೆಶನ್ ಒತ್ತಿದ್ರ ಪದದ ಹಿಂದ ಒಂದು ಸ್ಪೇಸ್ ಬಂದು ಕೂಡ್ತೈತಿ, ಅದು ಕಣ್ಣಿಗೆ ಕಾಣೂದಿಲ್ಲ.

ಇನ್ನ ಮಂದಿ ಟೈಪ್ ಮಾಡೋ ರೀತಿ. ಬಳ್ಳಾರಿನ ಒಬ್ಬರು ಬಳ್ಳಾರಿ ಅಂತಾರ, ಒಬ್ಬರು ಇಂಗ್ಲಿಷ್‌ನಾಗ ಹೊಡೀತಾರ, ಅದರಾಗೂ 2014ರ ನವೆಂಬರ್ 1ಕ್ಕಿಂತ ಹಿಂದಿನ ಬೆಲ್ಲಾರಿ ಸ್ಪೆಲ್ಲಿಂಗ್ ಇನ್ನೂ ಕೈಯಾಗ ಕುಂತೈತಿ. ರಾಯಚೂರು ಮಂದಿ ಮಾತಾಡಿದಂಗ ರಾಯ್ಚೂರ್ ಅಂತ ಹೊಡೀತಾರ. ಇದಕ್ಕೆಲ್ಲ ನಾವ ಕುಂತು ಪಟ್ಟಿ ಮಾಡೋಣ ಅಂದ್ರ ಮುಗಿಯೋ ಮಾತಲ್ಲ, ಅದಕ್ಕ ಸಮ್ಮರಿ 404 ಅಂದ್ರ ಸುಮ್ನ ಎರರ್ ತೋರಿಸೂದು ಬಿಟ್ಟು ಅದೇ ಹೆಸರನ್ನ ವಿಕಿಪೀಡಿಯದ್ದೇ ಹುಡುಕೋ ಏಪಿಐ ಆದ ಓಪನ್‌ಸರ್ಚ್‌ಗೆ ಕಳಿಸಿದ್ವಿ, ಅದು ಹಂಗ ಶುರುವಾಗೋ, ಇಲ್ಲಾ ಹತ್ತಿರದ ಸ್ಪೆಲ್ಲಿಂಗಿನ ಪುಟಗಳ ಪಟ್ಟಿ ಕೊಡ್ತೈತಿ. ಪಟ್ಟಿಯ ಎರಡನೇ ಐಟಂನಾಗ ಹೆಸರುಗಳಿರ್ತಾವು (ಆಪ್ ಇನ್ವೆಂಟರ್ ಎಣಿಕೆ 1ರಿಂದ ಶುರು, ಬ್ಯಾರೆ ಲ್ಯಾಂಗ್ವೇಜ್ ಕಲ್ತವರಿಗೆ ಕೈ ತಪ್ತೈತಿ), ಅವನ್ನ ಲಿಸ್ಟ್‌ವ್ಯೂದಾಗ ಹಾಕಿ ಒತ್ತಿದ್ದಕ್ಕ ಮತ್ತ ಸಮ್ಮರಿ. ಮೊದಲನೇ ಹೆಸರನ್ನ ಆಪ್ ತಾನ ಆರಿಸಿಬಿಡ್ಲಿ ಅಂತ ಒಬ್ಬಾಕಿ ಅಂದ್ಲು, ನಾನು ಒಪ್ಪಲಿಲ್ಲ, ಕೊಪ್ಪಳದವ ಅರ್ಧ ಟೈಪ್ ಮಾಡಿ ಕೊಪ್ ಅಂತ ಬಿಟ್ರ, ಪಟ್ಟಿಯ ಮೊದಲ ಹೆಸರು ಕೊಪ್ಪ ಇದ್ರ ಚಿಕ್ಕಮಗಳೂರು ಜಿಲ್ಲೆಗೆ ಹೋಗಿ ಬೀಳ್ತಾನ, ಆರಿಸೂದು ಟೈಪ್ ಮಾಡಿದವನ ಕೆಲಸ.

ನೆಟ್ ಇಲ್ಲ ಅಂದ್ರ ಗಾಟ್‌ಟೆಕ್ಸ್ಟ್ ಬರೂದೇ ಇಲ್ಲ. ಸ್ಕ್ರೀನಿನ ಎರರ್ ಅಕರ್ಡ್ ಈವೆಂಟ್ ಹಾಕಿ ಕನ್ನಡದಾಗ ನೆಟ್ ಇಲ್ಲ ಅಂತ ತೋರಿಸ್ರಿ, ಇಲ್ಲಾಂದ್ರ 1101 ಅಂತ ಇಂಗ್ಲಿಷ್ ಎರರ್ ಬರ್ತೈತಿ. ಒಮ್ಮೆ ಹುಡುಕಿದ್ದನ್ನ ಫೋನಿನಾಗ ಉಳಿಸಿಡೋ ಟೈನಿಡಿಬಿದಾಗ ಇಟ್ವಿ, ಹಿರೇಬೆಣಕಲ್ಲಿನ ಗುಡ್ಡ ಹತ್ತೋರು ಮನ್ಯಾಗ ಹುಡುಕಿಕೊಂಡು ಹೋದ್ರ ಅಲ್ಲಿ ಸಿಗ್ನಲ್ ಇಲ್ದಿದ್ರೂ ಓದಬಹುದು.

ಇದನ್ನ ನೋಡಿದ ಗಂಗಾವತಿ ಕಡೆ ಗೆಳೆಯರು ತುಂಗಭದ್ರಾ ಡ್ಯಾಮಿನ ನೀರಿನ ಮಟ್ಟಾನೂ ಹಾಕ್ರಿ ಅಂದ್ರು. ಅವರು ಕೇಳೂದು ಸರಿ ಐತಿ, 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿ ಹೋದಾಗಿಂದ ಕಾಲುವಿ ನೀರಿನ ಮ್ಯಾಲೆ ಭತ್ತ ಹಚ್ಚೋರೆಲ್ಲ ಆ ನಂಬರ್ ಮ್ಯಾಲೆ ಕಣ್ಣಿಟ್ಟಾರ. ಆದ್ರ ನಾವು ಹಾಕ್ಲಿಲ್ಲ. ಇಟಗಿ ಮಹಾದೇವ ಗುಡಿ 1112ರಾಗ ಕಟ್ಟಿದ್ದು ಅನ್ನೂದು ಮೊನ್ನೆ ಸೇವ್ ಆಗಿದ್ರೂ ಇವತ್ತಿಗೂ ಅದೇ, ಡ್ಯಾಮಿಂದು ಹಂಗಲ್ಲ, ಫೋನಿನಾಗ ಉಳಿದಿರೋ ಹಳೇ ನಂಬರನ್ನ ಇವತ್ತಿಂದು ಅಂತ ನಂಬಿ ಯಾರಾದ್ರೂ ಹೊಳಿಗೆ ಇಳಿದ್ರ? ಅಂಥಾ ಆಪ್ ಮಾಡೋರು ನಂಬರಿಗಿಂತ ದೊಡ್ಡದಾಗಿ ತಾರೀಖು ಟೈಮ್ ತೋರಿಸಬೇಕು, ಹಳೇದಾಗಿದ್ರ ತೋರಿಸಲೇಬಾರದು.

ವಿಕಿಪೀಡಿಯದ ಬರಹ ಫ್ರೀ ಅಂದ್ರೂ ಲೈಸೆನ್ಸ್ ಐತಿ, ಕೆಳಗ ಅದರ ಹೆಸರು, ಪುಟದ ಲಿಂಕ್ ಹಾಕ್ರಿ. ಕೊನೀಗೆ ಎಪಿಕೆ (ಫೋನಿನಾಗ ಇನ್‌ಸ್ಟಾಲ್ ಮಾಡೋ ಫೈಲು) ಮಾಡೂದು ಯಾವತ್ತೂ ಒಂದೇ ಅಕೌಂಟಿನಿಂದ ಮಾಡ್ರಿ, ಸಹಿ ಮಾಡೋ ಕೀ ಅಕೌಂಟಿಗೊಂದು ಇರ್ತೈತಿ, ಟೀಮಿನಾಗ ಇನ್ನೊಬ್ಬರು ತಮ್ಮ ಅಕೌಂಟಿಂದ ಹೊಸ ವರ್ಷನ್ ಬಿಲ್ಡ್ ಮಾಡಿ ಕಳಿಸಿದ್ರ ಹಳೇದು ತೆಗೀದ ಹೊಸದು ಇನ್‌ಸ್ಟಾಲ್ ಆಗೂದಿಲ್ಲ, ಹಳೇದು ತೆಗೆದ್ರ ಸೇವ್ ಆಗಿದ್ದೂ ಹೋಗ್ತೈತಿ.