ಸಿಂಧುದುರ್ಗಕ್ಕ ಮನಿಮಂದಿ ಕರಕೊಂಡು ಹೊಂಟೋರಿಗೆ

ಸಿಂಧುದುರ್ಗ ಅಂದ್ರ ಮಹಾರಾಷ್ಟ್ರದ ಮಾಲವಣ ಊರಿನ ಎದುರು ಸಮುದ್ರದಾಗಿರೋ ಕೋಟಿ (ಕೋಟೆ), ದಂಡಿಯಿಂದ ದೋಣಿ ಹತ್ತೇ ಹೋಗಬೇಕು. ಬೆಳಗಾವಿಯಿಂದ ಅಂಬೋಲಿ ಘಾಟ್, ಸಾವಂತವಾಡಿ, ಕುಡಾಳ ಮ್ಯಾಲೆ ಮಾಲವಣಕ್ಕ ನಾಲ್ಕು ತಾಸು ಹಿಡೀರಿ. ಘಾಟಿನ ತಿರುವಿನ್ಯಾಗ ಹುಡುಗರಿಗೆ ವಾಂತಿ ಆಗ್ತದ, ಹೊಟ್ಟಿ ಬಿರಿ ತಿನಿಸಬ್ಯಾಡ್ರಿ. ಮಳಿಗಾಲದಾಗ ದೋಣಿ ಬಂದ್, ದಂಡಿ ಮ್ಯಾಲಿಂದ ನೋಡಿ ತಿರುಗಬೇಕಾಗ್ತದ.

ಖರೇ ತೊಂದರಿ ಇರೋದು ಟೈಮಿಂದು. ಕೋಟಿಗೆ ಬಿಟ್ಟ ದೋಣಿಯೇ ವಾಪಸ್ ಕರಕೊಂಡು ಬರ್ತದ, ನೋಡಾಕ ಸಾಮಾನ್ಯವಾಗಿ ಒಂದು ತಾಸು ಕೊಡ್ತಾರ. 48 ಎಕರೆ ಕೋಟಿಗೆ ಅದು ಯಾತಕ್ಕೂ ಸಾಲೂದಿಲ್ಲ. ಎಷ್ಟು ಹೊತ್ತು ಕೊಡ್ತಾರಂತ ಹತ್ತೂಕಿಂತ ಮೊದಲ ಕೇಳ್ರಿ, ದೋಣಿ ಹೆಸರಿನ ಫೋಟೊ ತಕ್ಕೊಳ್ರಿ. ಇಳಿದ ಮ್ಯಾಲೆ ಎಲ್ಲಾ ಒಂದೇ ಥರಾ ಕಾಣ್ತಾವ. ಲೈಫ್ ಜಾಕೆಟ್ ಹುಡುಗರಿಗೆ ಸಡಿಲಿದ್ರ ನೀರಾಗ ಮುಖದ ಮ್ಯಾಲೆ ಏರ್ತದ. ಪಟ್ಟಿ ಬಿಗಿದು, ಭುಜದ ಹತ್ರ ಹಿಡಿದು ಮ್ಯಾಲೆ ಎಳೆದು ನೋಡ್ರಿ, ಗದ್ದ ದಾಟಬಾರದು.

ಮಹಾದ್ವಾರ ಎರಡು ಬುರುಜಿನ ಸಂದಿಯೊಳಗ ಅಡಗೇದ, ದೂರದಿಂದ ಕಾಣೂದಿಲ್ಲ. ಶಿವಾಜಿ ಮಹಾರಾಜರು 1664ರಾಗ ಕೆಲಸ ಶುರು ಮಾಡಿಸಿದಾಗಿನ ಯುಕ್ತಿ ಅದು. ಅಲ್ಲೇ ಸುಣ್ಣದಾಗ ಮೂಡಿದ ಮಹಾರಾಜರ ಅಂಗೈ, ಪಾದದ ಗುರುತು ನೋಡ್ರಿ. ಆಮ್ಯಾಲೆ ಶಿವರಾಜೇಶ್ವರ ಗುಡಿ, ದೂಧ, ದಹಿ, ಸಾಖರ ಅನ್ನೋ ಮೂರು ಸಿಹಿನೀರಿನ ಬಾವಿ. ಸುತ್ತ ಉಪ್ಪುಸಮುದ್ರ, ನಡುವ ಸಿಹಿನೀರು! ಗೋಡಿ ಮ್ಯಾಲೆ ಅಜ್ಜ-ಅಮ್ಮರನ್ನ ಹತ್ತಿಸಬ್ಯಾಡ್ರಿ, ಮೆಟ್ಟಿಲು ಭಾಳ ಕಡಿದಾಗ್ಯಾವ. ಚಪ್ಪಲಿ ಹಿಂದ ಪಟ್ಟಿ ಇದ್ದದ್ದೇ ಹಾಕ್ರಿ, ದಕ್ಕಿ ಕಲ್ಲಿನ ಮ್ಯಾಲೆ ಪಾಚಿ ಇರ್ತದ.