ಗದ್ದೆಯ ಆಟೋಕ್ರಾಸ್‌ನಿಂದ ಕಾರ್ ರೇಸಿಂಗ್‌ಗೆ: ಕೊಡಗಿನ ಮಹಿಳೆಯರಿಗೆ ಮಾರ್ಗದರ್ಶಿ

ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ ಕೊಡಗಿನಲ್ಲಿ ನಡೆಯುವ ಆಟೋಕ್ರಾಸ್ ಸ್ಪರ್ಧೆಗಳು (ಮಣ್ಣಿನ ಟ್ರ್ಯಾಕಿನಲ್ಲಿ ಕಡಿಮೆ ಸಮಯದಲ್ಲಿ ಕಾರು ಓಡಿಸಿ ಗೆಲ್ಲುವ ಸ್ಪರ್ಧೆ), ಕಾರ್ ರೇಸಿಂಗ್‌ಗೆ ಬರಬಯಸುವ ಮಹಿಳೆಗೆ ಅತಿ ಕಡಿಮೆ ಖರ್ಚಿನ ಆರಂಭವಾಗಿವೆ. ಚಾಲನಾ ಪರವಾನಗಿ ಪಡೆದ ಬಳಿಕ, ಭಾರತೀಯ ಮೋಟಾರ್ ಕ್ರೀಡೆಗಳನ್ನು ನಿಯಂತ್ರಿಸುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಸ್ಪರ್ಧಾ ಲೈಸೆನ್ಸ್ ಬೇಕೇ ಎಂಬುದನ್ನು ಸಂಘಟಕರಲ್ಲಿ ಮೊದಲೇ ವಿಚಾರಿಸಿ.

ಹೊಸ ಕಾರಿಗೆ ಹಣ ಸುರಿಯಬೇಡಿ. ಮನೆಯ ಹಳೆಯ ಮಾರುತಿಯೇ ಸಾಕು. ಉಳಿದ ಹಣವನ್ನು ಒಳ್ಳೆಯ ಹೆಲ್ಮೆಟ್, ಸೀಟ್ ಬೆಲ್ಟ್, ಬ್ರೇಕ್ ಮತ್ತು ಟೈರ್‌ಗಳಿಗೆ ಮೀಸಲಿಡಿ.

ಸ್ಪರ್ಧೆಗೆ ಮುನ್ನ ಟ್ರ್ಯಾಕನ್ನು ನಡೆದು ನೋಡಿ, ಮಣ್ಣು ಎಲ್ಲಿ ಸಡಿಲವಾಗಿದೆ, ಬದು ಕಡಿದ ಜಾಗದಲ್ಲಿ ಎಲ್ಲಿ ಕಾರು ಕುಪ್ಪಳಿಸಬಹುದು ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ತಿರುವಿಗೆ ಮೊದಲೇ, ಚಕ್ರಗಳು ನೇರವಾಗಿರುವಾಗಲೇ ಬ್ರೇಕ್ ಒತ್ತಿ, ಗೇರ್ ಇಳಿಸಿ, ತಿರುವು ಮುಗಿಯುತ್ತಿದ್ದಂತೆ ಆಕ್ಸಿಲರೇಟರನ್ನು ಹಂತಹಂತವಾಗಿ ಒತ್ತಿರಿ; ಧೂಳೆಬ್ಬಿಸುವ ಜಾರಾಟ ನೋಡುಗರಿಗೆ ಚೆಂದ, ಗಡಿಯಾರಕ್ಕಲ್ಲ.

ಮಹಿಳಾ ವಿಭಾಗವಿದ್ದರೂ ನಿಯಮ ಅನುಮತಿಸಿದರೆ ಮುಕ್ತ ವಿಭಾಗಕ್ಕೂ ಹೆಸರು ಕೊಡಿ. ಅಮೆರಿಕದ ಸ್ಟಾಕ್ ಕಾರ್ (ಸಾಮಾನ್ಯ ಕಾರುಗಳ ಮಾದರಿಯ ರೇಸ್ ಕಾರು) ರೇಸಿಂಗ್‌ನಲ್ಲಿ ಸಾರಾ ಕ್ರಿಶ್ಚಿಯನ್ 1949ರಲ್ಲಿಯೂ, ಜಾನೆಟ್ ಗತ್ರಿ 1977ರಲ್ಲಿ ಅಲ್ಲಿನ ಹೆಸರಾಂತ ರೇಸ್ ಡೇಟೋನಾ 500ರಲ್ಲಿಯೂ ಪುರುಷರೊಂದಿಗೇ ಸ್ಪರ್ಧಿಸಿದ್ದರು. ಪ್ರತಿ ಸ್ಪರ್ಧೆಯ ಸಮಯ, ಟೈರಿನ ಗಾಳಿ ಮತ್ತು ರಿಪೇರಿಯ ಖರ್ಚನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ರ‍್ಯಾಲಿಗೆ ಪ್ರಾಯೋಜಕರನ್ನು ಕೇಳುವಾಗ ಅವರಿಗೆ ತೋರಿಸಬೇಕಾದದ್ದು ಈ ಪುಸ್ತಕವನ್ನೇ.