ತೊಡೆಮೂಳೆ ಒಂದಿದ್ದರೆ ಎತ್ತರ ಹೇಳುವುದು ಹೇಗೆ?

ಪೊಲೀಸರು ಚೀಲದಲ್ಲಿ ಮೂಳೆ ತಂದು ಟೇಬಲ್ ಮೇಲಿಟ್ಟರೆ ಕೇಳುವ ಮೊದಲ ಪ್ರಶ್ನೆ, ಗಂಡೋ ಹೆಣ್ಣೋ. ಎರಡನೆಯದು, ಎಷ್ಟು ಎತ್ತರ. ನಮ್ಮ ನ್ಯಾಯವೈದ್ಯಕೀಯ ವಿಭಾಗಕ್ಕೆ ಹೊಸದಾಗಿ ಸೇರಿದ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ಕೂಡಲೇ ಪುಸ್ತಕ ತೆರೆದು ಸೂತ್ರ ಹುಡುಕುತ್ತಾರೆ. ನಾನು ಪುಸ್ತಕ ಮುಚ್ಚಿಸುತ್ತೇನೆ. ಸೂತ್ರ ಎಲ್ಲೂ ಓಡಿಹೋಗಲ್ಲ, ಅಳತೆ ಮೊದಲು ಸರಿಯಾಗಲಿ.

ಮೂಳೆ ಕುದಿಸಿ ಸ್ವಚ್ಛ ಮಾಡುವ ಮುಂಚೆಯೇ ಡಿಎನ್‌ಎಗೆ ಒಂದು ಹಲ್ಲು ತೆಗೆದಿಡಿ. ಅಳತೆ ಮುಗಿಯುವ ತನಕ ತೊಡೆಮೂಳೆಗೆ ಗರಗಸ ಹಾಕಬೇಡಿ. ಮೂಳೆಯ ತುದಿಗಳು ಪೂರ್ತಿ ಬೆಸೆದಿವೆಯಾ ನೋಡಿ. ಬೆಸೆದಿಲ್ಲ ಅಂದರೆ ಇನ್ನೂ ಬೆಳೆಯುತ್ತಿದ್ದ ವಯಸ್ಸು, ದೊಡ್ಡವರ ಸೂತ್ರ ಅಲ್ಲಿ ನಡೆಯಲ್ಲ.

ಟೇಪು ಬೇಡ. ಆಸ್ಟಿಯೋಮೆಟ್ರಿಕ್ ಬೋರ್ಡ್ ಬೇಕು. ಚಪ್ಪಲಿ ಅಂಗಡಿಯಲ್ಲಿ ಪಾದ ಅಳೆಯುವ ಹಲಗೆ ಇರುತ್ತಲ್ಲ, ಹಾಗೇ ಇರುತ್ತದೆ. ತೊಡೆಮೂಳೆಯ ಹಿಂಬದಿ ಕೆಳಗಾಗುವಂತೆ ಮಲಗಿಸಿ. ಮೊಣಕಾಲಿನ ಕಡೆ ಎರಡು ಗುಬ್ಬಿಗಳಿವೆ, ಅಂದರೆ ದುಂಡನೆಯ ಉಬ್ಬುಗಳು. ಅದರಲ್ಲಿ ಒಳಬದಿಯದ್ದು ಅಲುಗಾಡದ ಗೋಡೆಗೆ ತಾಗಲಿ. ಜಾರುವ ಹಲಗೆಯನ್ನು ಸೊಂಟದ ಕಡೆಯ ದುಂಡನೆಯ ತಲೆಗೆ ತಂದು ಮುಟ್ಟಿಸಿ. ಈಗ ಮೂಳೆಯನ್ನು ಅತ್ತಿತ್ತ, ಮೇಲೆ ಕೆಳಗೆ ಸ್ವಲ್ಪ ಆಡಿಸಿ. ಸಿಗುವ ಅತಿ ಹೆಚ್ಚಿನ ಅಂಕಿಯೇ ಗರಿಷ್ಠ ಉದ್ದ. ಎರಡೂ ಗುಬ್ಬಿ ತಾಗಿಸಿದರೆ ಬರುವುದು ಬೇರೆ ಅಳತೆ, ಕೆಲವು ಮಿಲಿಮೀಟರ್ ಕಡಿಮೆ. ಯಾವ ಸೂತ್ರಕ್ಕೆ ಯಾವ ಅಳತೆ ಅನ್ನುವುದು ಬೆರಕೆಯಾಗಬಾರದು.

44 ಸೆಂ.ಮೀ. ಬಂತು, ಗಂಡಸಿನ ಮೂಳೆ ಅಂದುಕೊಳ್ಳಿ. ನಮ್ಮ ಪಠ್ಯಗಳಲ್ಲಿ ಭಾರತದ ಗುಣಕಗಳ ಪಟ್ಟಿ ಇದೆ. ಪಾನ್ (1924, ಬಂಗಾಳ-ಬಿಹಾರ-ಒಡಿಶಾ) ಅವರ 3.82ರಿಂದ ಗುಣಿಸಿದರೆ 168 ಸೆಂ.ಮೀ. ನಾಟ್ (1931, ಉತ್ತರ ಪ್ರದೇಶ) ಅವರ 3.7 ಹಾಕಿದರೆ 163. ಸಿದ್ದಿಕಿ ಮತ್ತು ಷಾ (1944, ಪಂಜಾಬ್) ಅವರ 3.6ಕ್ಕೆ 158. ಒಂದೇ ಮೂಳೆ, ಹತ್ತು ಸೆಂ.ಮೀ. ವ್ಯತ್ಯಾಸ! ಈ ಮೂರರಲ್ಲಿ ಒಂದೂ ನಮ್ಮ ಕಡೆಯವರನ್ನು ಅಳೆದು ಮಾಡಿದ್ದಲ್ಲ. ಸುಮ್ನೆ ಗುಣಿಸುವುದರಲ್ಲೇ ಇನ್ನೊಂದು ತೊಂದರೆ ಇದೆ. ಕುಳ್ಳಗಿದ್ದವರು ಇನ್ನೂ ಕುಳ್ಳಗಾಗುತ್ತಾರೆ, ಉದ್ದ ಇದ್ದವರು ಇನ್ನೂ ಉದ್ದವಾಗುತ್ತಾರೆ.

ಅಮೆರಿಕದ ಸಂಶೋಧಕರಾದ ಟ್ರಾಟರ್ ಮತ್ತು ಗ್ಲೇಸರ್ 1952ರಲ್ಲಿ ಕೊಟ್ಟ ಸೂತ್ರ ಗಂಡಸರಿಗೆ ಹೀಗಿದೆ: 2.38 × ತೊಡೆಮೂಳೆ + 61.41. ಹೆಂಗಸರಿಗೆ 2.47 × ತೊಡೆಮೂಳೆ + 54.10. ಇದು ಬಿಳಿಯ ಅಮೆರಿಕನ್ನರದ್ದು, ನಮ್ಮವರಿಗೆ ಹೊಂದುತ್ತದೆ ಅಂತಲ್ಲ. ಆದರೆ ಗಂಡಸರ ಸೂತ್ರದ ಹಿಂದೆ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರಿದ್ದಾರೆ. ಅವರು ಬದುಕಿದ್ದಾಗ ಸೇನೆಯೇ ಅಳೆದಿದ್ದ ಎತ್ತರ ದಾಖಲೆಯಲ್ಲಿತ್ತು. ನಮ್ಮ 44ಕ್ಕೆ 166 ಬರುತ್ತದೆ. ನಿಮ್ಮ ಪ್ರದೇಶದ ಜನರ ಮೇಲೆ ಮಾಡಿದ ಸೂತ್ರ ಸಿಕ್ಕರೆ ಅದನ್ನೇ ಹಿಡಿಯಿರಿ.

ಅದೇ ಟ್ರಾಟರ್ ಅವರ ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಸೂತ್ರದ ಬಗ್ಗೆ ಮಾತ್ರ ಹುಷಾರು. ಪಾದದ ಹರಡಿನ (ಕೀಲಿನ) ಒಳಗಡೆ ಚಾಚಿಕೊಂಡಿರುವ ಮೂಳೆಯ ತುದಿಯನ್ನೂ ಸೇರಿಸಿ ಅಳೆಯಬೇಕು ಅಂತ ಅವರೇ ಬರೆದಿದ್ದರು. ಅಳೆದಾಗ ಆ ತುದಿಯನ್ನೇ ಬಿಟ್ಟಿದ್ದರು. ಸಂಶೋಧಕ ಜಾಂಟ್ಸ್ ಮತ್ತು ಜೊತೆಗಾರರು ಇದನ್ನು ತೋರಿಸಿಕೊಟ್ಟಿದ್ದು 1994-95ರಲ್ಲಿ. ಬರೆದಂತೆ ಅಳೆದು ಆ ಸೂತ್ರಕ್ಕೆ ಹಾಕಿದರೆ ಎತ್ತರ ಎರಡೂವರೆ-ಮೂರು ಸೆಂ.ಮೀ. ಜಾಸ್ತಿ ಬರುತ್ತದೆ. ನಾನಂತೂ ತೊಡೆಮೂಳೆ ಇದ್ದರೆ ಟಿಬಿಯಾ ಸೂತ್ರದ ಕಡೆ ಹೋಗಲ್ಲ.

ಇನ್ನು ಪುಸ್ತಕದಲ್ಲಿ ಗಂಡಸರ ತೊಡೆಮೂಳೆ ಸೂತ್ರದ ಪಕ್ಕದಲ್ಲಿರುವ ±3.27 ಸೆಂ.ಮೀ., ಅಂದರೆ ಅಂದಾಜು ಅತ್ತಿತ್ತ ಹೋಗಬಹುದಾದ ಅಂತರ. ಮೂವರಲ್ಲಿ ಇಬ್ಬರಷ್ಟೇ ಆ ಅಂತರದೊಳಗೆ ಬೀಳುತ್ತಾರೆ. ಅದನ್ನು ದುಪ್ಪಟ್ಟು ಮಾಡಿ.

ನಾಪತ್ತೆ ದೂರಿನಲ್ಲಿರುವ ಎತ್ತರವೂ ಬಹಳ ಸಲ ಅಂದಾಜೇ. ಮನೆಯವರು 'ಐದೂವರೆ ಅಡಿ' ಅಂದರೆ ಹಾಗೇ ಬರೆದುಕೊಳ್ಳಬೇಡಿ. 'ಪಕ್ಕ ನಿಂತರೆ ನಿಮ್ಮ ಕಿವಿಗೆ ಬರ್ತಿದ್ರಾ, ಹುಬ್ಬಿಗಾ?' ಅಂತ ಅಣ್ಣನನ್ನೋ ತಮ್ಮನನ್ನೋ ಕೇಳಿ. ಆಮೇಲೆ ಅವರನ್ನೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಮೂಳೆ ವಯಸ್ಸಾದವರದ್ದಾಗಿದ್ದರೆ ಸೂತ್ರದ ಎತ್ತರದಿಂದ ಮೂವತ್ತು ದಾಟಿದ ಪ್ರತಿ ವರ್ಷಕ್ಕೆ 0.06 ಸೆಂ.ಮೀ. ಕಳೆಯುವ ರೂಢಿ ಇದೆ. ಐವತ್ತರವರಿಗೆ 1.2 ಸೆಂ.ಮೀ. ಆಯಿತು.

ವರದಿಯಲ್ಲಿ ಹೀಗೆ ಬರೆಯಿರಿ: 'ಬಲ ತೊಡೆಮೂಳೆಯ ಗರಿಷ್ಠ ಉದ್ದ 44.0 ಸೆಂ.ಮೀ. ಟ್ರಾಟರ್-ಗ್ಲೇಸರ್ 1952ರ ಸೂತ್ರದಂತೆ ಎತ್ತರ ಸುಮಾರು 160ರಿಂದ 173 ಸೆಂ.ಮೀ.' ಪಿಎಸ್‌ಐ ಫೋನ್ ಮಾಡಿ 'ಸಾರ್, ಒಂದೇ ನಂಬರ್ ಹೇಳಿ' ಅನ್ನುತ್ತಾರೆ. ಹೇಳಬೇಡಿ. 166 ಅಂದರೆ ನಾಪತ್ತೆಯಾದವರ ಪಟ್ಟಿಯಲ್ಲಿ 171 ಇರುವವನ ಹೆಸರನ್ನು ಅವರು ಅಲ್ಲೇ ಹೊಡೆದುಹಾಕಿಬಿಡಬಹುದು.